ಎರಡು ಬಾಗಿಲುಗಳ ನಡುವೆ ನಡೆಯುವವರು

ಅಮೆರಿಕದ ವೆಸ್ಟ್ ವರ್ಜೀನಿಯಾ ಗುಡ್ಡಗಾಡಿನ ಬಡ ರಾಜ್ಯ. ಕಲ್ಲಿದ್ದಲ ಗಣಿಗಳನ್ನೇ ನಂಬಿ ಬದುಕಿದ್ದು. 2016ರ ಒಂದೇ ವರ್ಷದಲ್ಲಿ ಅಲ್ಲಿ ಎಂಟುನೂರಕ್ಕೂ ಹೆಚ್ಚು ಮಂದಿ ಮಾದಕ ವಸ್ತುವಿನ ಓವರ್‌ಡೋಸ್‌ನಿಂದ ಸತ್ತರು. ಆಗ ರಾಜ್ಯದ ಆರೋಗ್ಯ ಆಯುಕ್ತರಾಗಿದ್ದವರು ಭಾರತದಲ್ಲಿ ಹುಟ್ಟಿದ ವೈದ್ಯ ಡಾ. ರಾಹುಲ್ ಗುಪ್ತಾ. ಅವರ ಇಲಾಖೆ ಸತ್ತವರ ದಾಖಲೆಗಳನ್ನು ತೆರೆದು, ಸಾವಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಇವರೆಲ್ಲ ಎಲ್ಲೆಲ್ಲಿ ಓಡಾಡಿದ್ದರು ಎಂದು ಹುಡುಕಿತು. ಆಸ್ಪತ್ರೆಗೆ ಹೋಗಿದ್ದರೆ? ಆಂಬುಲೆನ್ಸ್ ಬಂದಿತ್ತೆ? ಜೈಲಿನಲ್ಲಿದ್ದರೆ? ಔಷಧಿ ಅಂಗಡಿಗೆ ವೈದ್ಯರ ಚೀಟಿ ಕೊಟ್ಟಿದ್ದರೆ? ಐವರಲ್ಲಿ ನಾಲ್ವರು ಆ ವರ್ಷದೊಳಗೆ ಯಾವುದಾದರೊಂದು ಆರೋಗ್ಯ ಸೇವೆಯ ಬಾಗಿಲಿಗೆ ಬಂದು ಹೋಗಿದ್ದರು ಎಂಬ ಉತ್ತರ ಸಿಕ್ಕಿತು.

ಅಂದರೆ ಇವರು ಯಾರ ಕಣ್ಣಿಗೂ ಬೀಳದೆ ಸತ್ತವರಲ್ಲ. ಯಾರೋ ಇವರ ರಕ್ತದೊತ್ತಡ ನೋಡಿದ್ದರು, ಯಾರೋ ಹೆಸರು ಬರೆದುಕೊಂಡಿದ್ದರು, ಯಾರೋ ಮುಂದಿನ ವಾರ ಬನ್ನಿ ಎಂದಿದ್ದರು. ಮುಂದಿನ ವಾರ ಅವರು ಬರಲಿಲ್ಲ. ಬರಲಿಲ್ಲವೆಂದು ಹುಡುಕಿಕೊಂಡು ಹೋಗುವುದು ಯಾರ ಕೆಲಸವೂ ಆಗಿರಲಿಲ್ಲ.

ಅಮೆರಿಕದ ನಗರಗಳಲ್ಲಿ ಆ ಹುಡುಕಿಕೊಂಡು ಹೋಗುವ ಕೆಲಸವನ್ನೇ ಮಾಡುವವರು ಔಟ್‌ರೀಚ್ ಕಾರ್ಯಕರ್ತರು. ಬೆನ್ನಿಗೊಂದು ಚೀಲ ಹಾಕಿಕೊಂಡು ಬೀದಿ ಬೀದಿ ತಿರುಗುವವರು. ಹಲವರು ಒಂದು ಕಾಲಕ್ಕೆ ತಾವೇ ಈ ಚಟದಲ್ಲಿ ಮುಳುಗಿ ಎದ್ದುಬಂದವರು. ಇವರ ಬಗ್ಗೆ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಇವರು ಕರುಣೆಯ ಕೆಲಸ ಮಾಡುವ ಒಳ್ಳೆಯವರು, ಆದರೆ ನಿಜವಾದ ಚಿಕಿತ್ಸೆ ಆಸ್ಪತ್ರೆಯಲ್ಲಿದೆ ಎನ್ನುವುದು ಒಂದು. ಇವರು ಸೂಜಿ ಹಂಚಿ ಚಟವನ್ನು ಸಾಕುವವರು ಎನ್ನುವುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ವಾದ. ಓಪಿಯಾಯ್ಡ್ ಎಂಬ ಅಫೀಮು ಮಾದರಿಯ ಮಾದಕಗಳ ಚಟಕ್ಕೆ ಒಳ್ಳೆಯ ಔಷಧಿಗಳಿವೆ, ಅವು ಕೆಲಸ ಮಾಡುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಇದೆ. ಇಲ್ಲದಿರುವುದು ಆ ಔಷಧಿಯವರೆಗೆ ರೋಗಿಯನ್ನು ಕರೆದೊಯ್ದು, ಮರುದಿನವೂ ಅವನ ಪತ್ತೆ ಇಟ್ಟುಕೊಳ್ಳುವ ವ್ಯವಸ್ಥೆ. ಆ ವ್ಯವಸ್ಥೆ ಈ ಕಾರ್ಯಕರ್ತರೇ. ಅವರಿಗೆ ಕಾಯಂ ಕೆಲಸ, ನ್ಯಾಯವಾದ ಸಂಬಳ, ನಿರ್ಧಾರದಲ್ಲಿ ಪಾಲು ಕೊಡದ ಯಾವ ನಗರವೂ ಈ ಸಾವುಗಳನ್ನು ಬಹುಕಾಲ ತಡೆಯಲಾರದು.

ಬಿಕ್ಕಟ್ಟಿನ ಹಿನ್ನೆಲೆ ಈಗ ಬಹುಮಟ್ಟಿಗೆ ಎಲ್ಲರಿಗೂ ತಿಳಿದದ್ದೇ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಇದರಿಂದ ಚಟ ಹತ್ತುವ ಸಂಭವ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. 2007ರಲ್ಲಿ ದಾರಿ ತಪ್ಪಿಸಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಮಾತ್ರೆಗೆ ಅಂಟಿಕೊಂಡಿದ್ದರು. ಮಾತ್ರೆ ದುಬಾರಿಯಾದಾಗ 2010ರ ಹೊತ್ತಿಗೆ ಹೆರಾಯಿನ್ ಬಂತು, 2013ರಿಂದ ಫೆಂಟನಿಲ್. ಹೆರಾಯಿನ್‌ಗಿಂತ ಐವತ್ತು ಪಟ್ಟು ಬಲವಾದ ಈ ರಾಸಾಯನಿಕದ ಎರಡು ಮಿಲಿಗ್ರಾಂ ಸಾಕು, ಉಸಿರು ನಿಲ್ಲಲು. ಫೆಂಟನಿಲ್ ಸ್ಪ್ರೇಯನ್ನು ಬರೆದುಕೊಡಲು ವೈದ್ಯರಿಗೆ ಲಂಚ ಕೊಟ್ಟ ಇನ್‌ಸಿಸ್ ಕಂಪನಿಯ ಸ್ಥಾಪಕ, ಅಮೃತಸರದಲ್ಲಿ ಹುಟ್ಟಿದ ಜಾನ್ ಕಪೂರ್, 2020ರಲ್ಲಿ ಐದೂವರೆ ವರ್ಷದ ಸೆರೆವಾಸದ ಶಿಕ್ಷೆಗೆ ಒಳಗಾದ. 2021ರಿಂದ ಮೂರು ವರ್ಷ ಅಮೆರಿಕದಲ್ಲಿ ಓವರ್‌ಡೋಸ್ ಸಾವುಗಳು ವರ್ಷಕ್ಕೆ ಒಂದು ಲಕ್ಷ ಮೀರಿದವು. 2024ರಲ್ಲಿ ಸುಮಾರು 80 ಸಾವಿರಕ್ಕೆ ಇಳಿದವು. ಇಳಿದ ಮೇಲೂ ದಿನಕ್ಕೆ ಇನ್ನೂರಕ್ಕಿಂತ ಹೆಚ್ಚು ಸಾವು.

ಈ ಕಥೆಯ ಅತಿ ಕಠೋರ ಅಧ್ಯಾಯ ನಡೆಯುತ್ತಿರುವುದು ಫಿಲಡೆಲ್ಫಿಯಾ ನಗರದ ಕೆನ್ಸಿಂಗ್ಟನ್ ಬಡಾವಣೆಯಲ್ಲಿ. ಒಂದು ಕಾಲದಲ್ಲಿ ಅದು ನೇಕಾರಿಕೆ, ರತ್ನಗಂಬಳಿ, ಟೋಪಿಯ ಕಾರ್ಖಾನೆಗಳ ಕೇರಿ. ಎರಡನೇ ಮಹಾಯುದ್ಧದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕೆಲಸವಿದ್ದವರು ಊರು ಬಿಟ್ಟರು, ಉಳಿದ ಜಾಗಕ್ಕೆ ಮಾದಕ ವಸ್ತುಗಳ ಮಾರುಕಟ್ಟೆ ಬಂದು ಕೂತಿತು. ಕೆನ್ಸಿಂಗ್ಟನ್ ಅವೆನ್ಯೂ ಮೇಲೆ ಎತ್ತರದ ರೈಲು ಮಾರ್ಗ ಹಾದುಹೋಗುತ್ತದೆ. ಅದರ ನೆರಳಿನಲ್ಲಿ ಸೊಂಟ ಬಗ್ಗಿಸಿಕೊಂಡು ನಿಂತಲ್ಲೇ ತೂಗಾಡುವ ಜನರ ವೀಡಿಯೊಗಳು ಜಗತ್ತನ್ನೆಲ್ಲ ಸುತ್ತಿ ನಮ್ಮ ಮೊಬೈಲುಗಳಿಗೂ ಬಂದಿವೆ. ಅವರನ್ನು 'ಝಾಂಬಿ'ಗಳೆಂದು ಕರೆದು ಲಕ್ಷಗಟ್ಟಲೆ ವೀಕ್ಷಣೆ ಗಳಿಸಿದವರಿದ್ದಾರೆ. ಆ ವೀಡಿಯೊಗಳನ್ನು ಹಂಚಿಕೊಂಡವರು ಒಂದು ಮಾತು ನೆನಪಿಡಬೇಕು: ಅದರಲ್ಲಿರುವ ಪ್ರತಿ ಮುಖವನ್ನೂ ಒಬ್ಬ ತಾಯಿಯೋ ಒಬ್ಬ ಮಗಳೋ ಗುರುತಿಸಬಲ್ಲರು.

2022ರಲ್ಲಿ ಫಿಲಡೆಲ್ಫಿಯಾದಲ್ಲಿ 1,413 ಜನ ಓವರ್‌ಡೋಸ್‌ನಿಂದ ಸತ್ತರು. ಅಲ್ಲಿನ ಫೆಂಟನಿಲ್‌ಗೆ ಝೈಲಜೀನ್ ಎಂಬ, ಪಶುವೈದ್ಯರು ಕುದುರೆ-ದನಗಳಿಗೆ ಜೋಂಪು ಬರಿಸಲು ಬಳಸುವ ಔಷಧಿ ಬೆರೆಯುತ್ತಿತ್ತು. ಅದರಿಂದ ಕೈಕಾಲುಗಳಲ್ಲಿ ಆಳವಾದ ಹುಣ್ಣುಗಳಾಗುತ್ತವೆ, ಸೂಜಿ ಚುಚ್ಚದ ಜಾಗದಲ್ಲೂ. ಕೆಲವರ ಕಾಲನ್ನೇ ಕತ್ತರಿಸಬೇಕಾಯಿತು. ಆ ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟಿದ್ದು ಬಹುಪಾಲು ಪಾದಚಾರಿ ರಸ್ತೆಯ ಮೇಲೆ, ಬಕೆಟ್ ಬೋರಲು ಹಾಕಿ ಕೂತ ಬೀದಿ ಕಾರ್ಯಕರ್ತರು ಮತ್ತು ದಾದಿಯರು. ಆಸ್ಪತ್ರೆಗೆ ಬಾ ಎಂದರೆ ಜನ ಬರುತ್ತಿರಲಿಲ್ಲ. ಬರದಿರುವುದಕ್ಕೆ ಕಾರಣವಿತ್ತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಎಂಟು-ಹತ್ತು ಗಂಟೆ ಕಾಯಬೇಕು. ಅಷ್ಟರಲ್ಲಿ ಅಮಲು ಇಳಿದು ಮೈಯೆಲ್ಲ ಮುರಿದುಹೋಗುವ ಯಾತನೆ ಶುರುವಾಗುತ್ತದೆ. ವಾಂತಿ, ಭೇದಿ, ನಡುಕ, ನಿದ್ದೆಯಿಲ್ಲದ ರಾತ್ರಿ. ಆ ಯಾತನೆಗೆ ಔಷಧಿ ಕೊಡದ ಆಸ್ಪತ್ರೆಯಿಂದ ರೋಗಿ ಅರ್ಧಕ್ಕೇ ಎದ್ದು ಹೋಗುತ್ತಾನೆ. ಹಾಗೆ ಹೋದವನನ್ನು ನೋಡಿ, ಇವನಿಗೆ ಬದುಕುವ ಮನಸ್ಸಿಲ್ಲ ಎನ್ನುವುದು ಸುಲಭ.

ಇಲ್ಲಿ ಕಾರ್ಯಕರ್ತರ ಕೆಲಸದ ತಿರುಳನ್ನು ವಿವರವಾಗಿ ಹೇಳಬೇಕು. ಹೊರಗಿನವರಿಗೆ ಕಾಣುವುದು ಅವರ ಕೈಯಲ್ಲಿರುವ ಸಾಮಾನು: ಓವರ್‌ಡೋಸ್ ಆದವರನ್ನು ಎಬ್ಬಿಸುವ ನಲೋಕ್ಸೋನ್ ಸ್ಪ್ರೇ, ಹೊಸ ಸೂಜಿ, ಫೆಂಟನಿಲ್ ಪತ್ತೆಹಚ್ಚುವ ಪಟ್ಟಿ, ನೀರಿನ ಬಾಟಲಿ, ಸಾಕ್ಸ್, ಸ್ಯಾಂಡ್‌ವಿಚ್. ಅವೆಲ್ಲ ಮಾತಿಗೆ ನೆಪ. ಸೋಮವಾರ ಸಾಕ್ಸ್ ತೆಗೆದುಕೊಂಡವಳು ಗುರುವಾರ ತನ್ನ ಹೆಸರು ಹೇಳುತ್ತಾಳೆ. ಒಂದು ತಿಂಗಳ ನಂತರ ಕಾಲಿನ ಹುಣ್ಣು ತೋರಿಸುತ್ತಾಳೆ. ಆರು ತಿಂಗಳ ನಂತರ ಒಂದು ಬೆಳಗ್ಗೆ, ಸಾಕಾಯಿತು, ಇವತ್ತು ಎಲ್ಲಿಗಾದರೂ ಕರೆದುಕೊಂಡು ಹೋಗಿ ಎನ್ನುತ್ತಾಳೆ. ಆ ಮಾತು ಬಂದ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ಯಾತನೆ ತಡೆಯಲಾರದಷ್ಟಾಗುವ ಮುಂಚೆ ಅವಳಿಗೆ ಹಾಸಿಗೆ ಸಿಗಬೇಕು. ಆದರೆ ಚಿಕಿತ್ಸಾ ಕೇಂದ್ರದವರು ಗುರುತಿನ ಚೀಟಿ ಕೇಳುತ್ತಾರೆ. ಬೀದಿಯಲ್ಲಿ ಮಲಗುವವಳ ಚೀಟಿ ಎಂದೋ ಕಳುವಾಗಿದೆ. ವಿಮೆಯ ಅನುಮತಿ ಬೇಕು. ಹುಣ್ಣು ದೊಡ್ಡದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎನ್ನುವ ಕೇಂದ್ರಗಳಿವೆ. ಕಾರ್ಯಕರ್ತೆ ಫೋನ್ ಹಿಡಿದು ಒಂದೊಂದೇ ಕಡೆ ಕರೆ ಮಾಡುತ್ತಾಳೆ, ಕಾಗದ ಹೊಂದಿಸುತ್ತಾಳೆ, ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾಳೆ, ಒಳಗೆ ಹೋಗುವ ತನಕ ಪಕ್ಕದಲ್ಲೇ ಕೂರುತ್ತಾಳೆ. ಇದರ ಯಾವ ಹಂತ ತಪ್ಪಿದರೂ ಅವಳು ಬೀದಿಗೆ ಮರಳುತ್ತಾಳೆ, ಮತ್ತೆ ಆ ಮಾತು ಬರಲು ಇನ್ನಾರು ತಿಂಗಳು ಬೇಕಾಗಬಹುದು. ಅಷ್ಟು ದಿನ ಅವಳು ಇರಬೇಕಲ್ಲ.

ನಂಬಿಕೆಯನ್ನು ಇಷ್ಟು ದಿನ ಕೂಡಿಸಿಟ್ಟವರು ಬದಲಾದರೆ ಎಲ್ಲವೂ ಮೊದಲಿನಿಂದ ಶುರುವಾಗಬೇಕು. ವೈದ್ಯರು ಬದಲಾದರೆ ಕಡತವಾದರೂ ಇರುತ್ತದೆ. ಇಲ್ಲಿ ಕಡತವೆಂದರೆ ಕಾರ್ಯಕರ್ತೆಯ ನೆನಪೇ.

ಇನ್ನೂ ಒಂದು ಸಂಗತಿ ಇದೆ, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು. ಈ ಬಿಕ್ಕಟ್ಟಿನಲ್ಲಿ ಜೀವ ಉಳಿಸಿದ ದೊಡ್ಡ ಕ್ರಮಗಳು ಬೀದಿಯಿಂದ ಸರ್ಕಾರಕ್ಕೆ ಹೋದವು, ಸರ್ಕಾರದಿಂದ ಬೀದಿಗೆ ಬಂದವಲ್ಲ. ನಿಂತ ಉಸಿರನ್ನು ಮರಳಿಸುವ ನಲೋಕ್ಸೋನ್‌ಗೆ ಅಮೆರಿಕ ಸರ್ಕಾರ 1971ರಲ್ಲೇ ಅನುಮತಿ ಕೊಟ್ಟಿತ್ತು. ಆದರೆ ಅದು ವೈದ್ಯರ, ಆಂಬುಲೆನ್ಸಿನವರ ಕೈಯಲ್ಲಿ ಮಾತ್ರ ಇತ್ತು. ಓವರ್‌ಡೋಸ್ ಆದಾಗ ಪಕ್ಕದಲ್ಲಿ ಇರುವವರು ವೈದ್ಯರಲ್ಲ, ಜೊತೆಗೆ ಸೇವಿಸುತ್ತಿದ್ದ ಗೆಳೆಯರು. ಈ ಸರಳ ಸತ್ಯವನ್ನು ಕಂಡು 1996ರಲ್ಲಿ ಷಿಕಾಗೊ ರಿಕವರಿ ಅಲೈಯನ್ಸ್‌ನ ಡ್ಯಾನ್ ಬಿಗ್ ಮತ್ತು ಅವರ ಸಂಗಡಿಗರು ಅದನ್ನು ಸೇವಿಸುವವರ ಕೈಗೇ ಕೊಡತೊಡಗಿದರು. ದೇಶದ ಸರ್ಜನ್ ಜನರಲ್ ಎಲ್ಲರೂ ನಲೋಕ್ಸೋನ್ ಇಟ್ಟುಕೊಳ್ಳಿ ಎಂದು ಕರೆ ಕೊಟ್ಟಿದ್ದು 2018ರಲ್ಲಿ. ಚೀಟಿಯಿಲ್ಲದೆ ಅಂಗಡಿಯಲ್ಲಿ ಮಾರಲು ಅನುಮತಿ ಸಿಕ್ಕಿದ್ದು 2023ರಲ್ಲಿ. ಇಪ್ಪತ್ತೇಳು ವರ್ಷ. ಮ್ಯಾಸಚೂಸೆಟ್ಸ್ ರಾಜ್ಯದ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಲೋಕ್ಸೋನ್ ತರಬೇತಿ ಹೆಚ್ಚು ಜನರಿಗೆ ತಲುಪಿದ ಊರುಗಳಲ್ಲಿ ಸಾವಿನ ಪ್ರಮಾಣ ಅದಿಲ್ಲದ ಊರುಗಳಿಗಿಂತ ಶೇ 46ರಷ್ಟು ಕಡಿಮೆ ಇತ್ತೆಂದು ತೋರಿಸಿತ್ತು. ಆಮೇಲೂ ಹತ್ತು ವರ್ಷ ಕಾದರು.

ಬಳಸಿದ ಸೂಜಿ ಪಡೆದು ಹೊಸದನ್ನು ಕೊಡುವ ಫಿಲಡೆಲ್ಫಿಯಾದ ಸೂಜಿ ವಿನಿಮಯವೂ ಹಾಗೆಯೇ. 1991ರಲ್ಲಿ ಏಡ್ಸ್ ಹೋರಾಟಗಾರರು ಕಾನೂನಿಗೆ ವಿರುದ್ಧವಾಗಿ, ಬಂಧನಕ್ಕೆ ಸಿದ್ಧರಾಗಿಯೇ ಅದನ್ನು ಶುರು ಮಾಡಿದರು. ಮರುವರ್ಷ ಮೇಯರ್ ಎಡ್ ರೆಂಡೆಲ್ ಆದೇಶ ಹೊರಡಿಸಿ ಅದಕ್ಕೆ ಕಾವಲು ಕೊಟ್ಟರು. ಪ್ರಿವೆನ್ಶನ್ ಪಾಯಿಂಟ್ ಎಂಬ ಆ ಸಂಸ್ಥೆ ಇಂದಿಗೂ ಕೆನ್ಸಿಂಗ್ಟನ್‌ನಲ್ಲಿದೆ. ಆ ಒಂದು ಕ್ರಮ ಹತ್ತು ವರ್ಷಗಳಲ್ಲಿ ನಗರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಎಚ್‌ಐವಿ ಸೋಂಕುಗಳನ್ನು ತಡೆಯಿತೆಂದು ಸಂಶೋಧಕರು 2019ರಲ್ಲಿ ಅಂದಾಜು ಮಾಡಿದರು. ಇದಕ್ಕೆ ತದ್ವಿರುದ್ಧವಾದ ಪಾಠ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯದು. ಅಲ್ಲಿ ಸೂಜಿ ವಿನಿಮಯ ನಿಷಿದ್ಧವಾಗಿತ್ತು. 2015ರಲ್ಲಿ ಆಸ್ಟಿನ್ ಎಂಬ ನಾಲ್ಕು ಸಾವಿರ ಜನರ ಊರನ್ನು ಮುಖ್ಯ ಕೇಂದ್ರವಾಗಿಸಿಕೊಂಡು ಸುಮಾರು ಇನ್ನೂರು ಜನರಿಗೆ ಎಚ್‌ಐವಿ ಹಬ್ಬಿತು. ಗವರ್ನರ್ ಆಗಿದ್ದ ಮೈಕ್ ಪೆನ್ಸ್ ತಮ್ಮ ನಿಲುವಿಗೆ ವಿರುದ್ಧವಾಗಿ ಸೂಜಿ ವಿನಿಮಯಕ್ಕೆ ಒಪ್ಪಬೇಕಾಯಿತು, ಸೋಂಕು ಹತೋಟಿಗೆ ಬಂತು. 2021ರಲ್ಲಿ ಕೌಂಟಿಯ ಆಡಳಿತ ಆ ಕಾರ್ಯಕ್ರಮವನ್ನು ನಿಲ್ಲಿಸಲು ಮತ ಹಾಕಿತು. ಗೆದ್ದ ಕಾರ್ಯಕ್ರಮವನ್ನು ಗೆದ್ದಿದ್ದಕ್ಕಾಗಿಯೇ ಮುಚ್ಚುವುದು ಸಾರ್ವಜನಿಕ ಆರೋಗ್ಯದ ಹಳೆಯ ದುರಂತ.

ಸೂಜಿ ಕೊಡುವುದು, ಎಬ್ಬಿಸಿ ಮತ್ತೆ ಬೀದಿಗೆ ಬಿಡುವುದು ಚಟಕ್ಕೆ ನೀರೆರೆದಂತಲ್ಲವೇ ಎಂದು ಕೇಳುವವರೆಲ್ಲ ಕಲ್ಲೆದೆಯವರಲ್ಲ. ಮಗನನ್ನು ನಾಲ್ಕು ಸಲ ಉಳಿಸಿ ಐದನೇ ಸಲ ಕಳೆದುಕೊಂಡ ತಂದೆಯೂ ಇದನ್ನು ಕೇಳುತ್ತಾನೆ. ಕಟ್ಟುನಿಟ್ಟಾಗಿ ಬಿಡಿಸಬೇಕು, ಬಲವಂತವಾಗಿಯಾದರೂ ಸೇರಿಸಬೇಕು ಎಂಬ ಮಾತು ನಮಗೂ ಹತ್ತಿರವಾದದ್ದೇ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ ಮದ್ಯವರ್ಜನ ಶಿಬಿರಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ನೆಮ್ಮದಿ ತಂದಿವೆ. ಅಲ್ಲೂ ಶಿಬಿರದ ಎಂಟು ದಿನಗಳಷ್ಟೇ ಮಹತ್ವ ಕುಡಿತ ಬಿಟ್ಟವರು ಆಮೇಲೆ ಕೂಡುವ ನವಜೀವನ ಸಮಿತಿಗಿದೆ ಎಂಬುದನ್ನು ಆ ಕೆಲಸ ಬಲ್ಲವರು ಹೇಳುತ್ತಾರೆ. ಆದರೆ ಓಪಿಯಾಯ್ಡ್‌ನ ವಿಷಯದಲ್ಲಿ ಮದ್ಯಕ್ಕಿಲ್ಲದ ಒಂದು ಮಾರಕ ಅಪಾಯ ಇದೆ. ಕೆಲವು ವಾರ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಆಸೆ ಮಾತ್ರ ಹಾಗೇ ಉಳಿದಿರುತ್ತದೆ. ಹೊರಬಂದು ಹಿಂದಿನಷ್ಟೇ ತೆಗೆದುಕೊಂಡರೆ ಸಾವು. ವಾಷಿಂಗ್ಟನ್ ರಾಜ್ಯದ ಕೈದಿಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನ, ಜೈಲಿನಿಂದ ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚು ಎಂದು ಕಂಡುಕೊಂಡಿತು. ಬಲವಂತದಿಂದ ಬಿಡಿಸಿ, ಹೊರಗೆ ಯಾರೂ ಕಾದಿರದೆ ಬಿಟ್ಟುಬಿಡುವುದು ಕಟ್ಟುನಿಟ್ಟಲ್ಲ, ಕೈತೊಳೆದುಕೊಳ್ಳುವುದು.

ಮೆಥಡೋನ್, ಬ್ಯೂಪ್ರಿನಾರ್ಫಿನ್ ಎಂಬ ಔಷಧಿಗಳು ಈ ಅಪಾಯವನ್ನು ತಗ್ಗಿಸುತ್ತವೆ. ಮ್ಯಾಸಚೂಸೆಟ್ಸ್‌ನಲ್ಲಿ ಓವರ್‌ಡೋಸ್‌ನಿಂದ ಬದುಕುಳಿದವರನ್ನು ಹಿಂಬಾಲಿಸಿದ 2018ರ ಅಧ್ಯಯನದ ಪ್ರಕಾರ ಮೆಥಡೋನ್ ಪಡೆದವರಲ್ಲಿ ಓಪಿಯಾಯ್ಡ್ ಸಾವು ಶೇ 59ರಷ್ಟು, ಬ್ಯೂಪ್ರಿನಾರ್ಫಿನ್ ಪಡೆದವರಲ್ಲಿ ಶೇ 38ರಷ್ಟು ಕಡಿಮೆ. ಅದೇ ಅಧ್ಯಯನ ಇನ್ನೊಂದು ಅಂಶವನ್ನೂ ಹೇಳಿತು: ಸಾವಿನ ಅಂಚಿನಿಂದ ಮರಳಿದವರಲ್ಲಿ ಮುಂದಿನ ಒಂದು ವರ್ಷದಲ್ಲಿ ಇಂಥ ಯಾವುದೇ ಔಷಧಿ ಪಡೆದವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. ಔಷಧಿ ಇದೆ, ರೋಗಿ ಇದ್ದಾನೆ, ಇಬ್ಬರ ನಡುವೆ ಯಾರೂ ಇಲ್ಲ. ಹಾಗಿರುವಾಗ ಸೂಜಿ ಹಂಚುವ ಮೇಜು ಚಟದ ಅಂಗಡಿಯಲ್ಲ, ಚಿಕಿತ್ಸೆಯ ಹೊಸ್ತಿಲು. ಸೂಜಿ ವಿನಿಮಯಕ್ಕೆ ಹೊಸದಾಗಿ ಬಂದವರು ಚಿಕಿತ್ಸೆಗೆ ಸೇರುವ ಸಾಧ್ಯತೆ ಬರದವರಿಗಿಂತ ಐದು ಪಟ್ಟು ಹೆಚ್ಚು ಎಂದು ಸಿಯಾಟಲ್‌ನ ಅಧ್ಯಯನವೊಂದು ಬಹಳ ಹಿಂದೆಯೇ ತೋರಿಸಿದೆ. ಕಾರಣ ಸರಳ: ಅಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿದ್ದಾರೆ.

ವೆಸ್ಟ್ ವರ್ಜೀನಿಯಾದ ಹಂಟಿಂಗ್‌ಟನ್ ಇದನ್ನು ಬೇಗ ಕಲಿತ ಊರು. 2016ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ಗಂಟೆಗಳಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಜನ ಓವರ್‌ಡೋಸ್‌ನಿಂದ ಬಿದ್ದಿದ್ದರು. ಆಮೇಲೆ ಊರು ಒಂದು ತಂಡ ಕಟ್ಟಿತು: ಯಾರಾದರೂ ಓವರ್‌ಡೋಸ್ ಆಗಿ ಬದುಕುಳಿದರೆ ಮೂರು ದಿನದೊಳಗೆ ಆಂಬುಲೆನ್ಸಿನ ಸಿಬ್ಬಂದಿ, ಚಟದಿಂದ ಹೊರಬಂದ ಆಪ್ತಸಲಹೆಗಾರರು, ಪೊಲೀಸರು, ಕೆಲವೊಮ್ಮೆ ಪಾದ್ರಿ ಸೇರಿ ಅವರ ಮನೆಗೇ ಹೋಗುತ್ತಾರೆ. ಬಂಧಿಸಲು ಅಲ್ಲ, ಹೇಗಿದ್ದೀರಿ ಎಂದು ಕೇಳಲು. ಆ ತಂಡ ಶುರುವಾದ ಮುಂದಿನ ವರ್ಷವೇ ಊರಿನ ಓವರ್‌ಡೋಸ್ ಕರೆಗಳು ಗಣನೀಯವಾಗಿ ಇಳಿದವು.

ಈಗ ಅತ್ಯಂತ ಕಷ್ಟದ ಆಕ್ಷೇಪಕ್ಕೆ ಬರುತ್ತೇನೆ. ಅದು ದೂರದಿಂದ ತೀರ್ಪು ಕೊಡುವವರದಲ್ಲ, ಕೆನ್ಸಿಂಗ್ಟನ್‌ನಲ್ಲಿ ಮನೆ ಮಾಡಿಕೊಂಡಿರುವವರದು. ಹೆಚ್ಚಿನವರು ಪೋರ್ಟೊರಿಕೊ ಮೂಲದವರು, ಕಪ್ಪು ಜನ, ಬಡ ಬಿಳಿಯರು. ಅವರ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಸೂಜಿಗಳು, ಮಲ, ಬಿದ್ದ ಮನುಷ್ಯರು. ಮೆಕ್‌ಫರ್ಸನ್ ಚೌಕದ ಗ್ರಂಥಾಲಯದಲ್ಲಿ 2017ರಲ್ಲಿ ಗ್ರಂಥಪಾಲಕರೇ ನಲೋಕ್ಸೋನ್ ಕೊಡಲು ಕಲಿತರು. ಹುಲ್ಲುಹಾಸಿನಲ್ಲಿ ಬಿದ್ದವರನ್ನು ಎಬ್ಬಿಸಲು ಓದುವ ಮೇಜು ಬಿಟ್ಟು ಓಡಿದರು. ಆ ಗ್ರಂಥಾಲಯಕ್ಕೆ ಬರುತ್ತಿದ್ದ ಮಕ್ಕಳು ಇದನ್ನೆಲ್ಲ ನೋಡಿದರು. ಈ ತಾಯಂದಿರು ಕೇಳುವ ಪ್ರಶ್ನೆ: ಶ್ರೀಮಂತರ ಬಡಾವಣೆಯಲ್ಲಿ ಇದನ್ನು ಒಂದು ವಾರವಾದರೂ ಬಿಡುತ್ತಿದ್ದಿರಾ? ನಗರದ ಸಂಕಟವನ್ನೆಲ್ಲ ನಮ್ಮ ಬೀದಿಗೆ ತಳ್ಳಿ, ಅದಕ್ಕೆ ಸಹಾಯ ಮಾಡುವವರನ್ನೂ ನಮ್ಮ ಬೀದಿಗೇ ಕಳಿಸಿದರೆ ನಾವು ಎಲ್ಲಿ ಬದುಕಬೇಕು?

ಈ ಪ್ರಶ್ನೆಗೆ ತಲೆಬಾಗಬೇಕು. ಬೀದಿ ಕಾರ್ಯಕರ್ತರ ಪರ ಬರೆಯುವ ಎಷ್ಟೋ ಜನ ಇದನ್ನು ಹೃದಯಹೀನರ ಗೊಣಗಾಟವೆಂದು ಬದಿಗೆ ಸರಿಸುತ್ತಾರೆ, ಅದು ಅನ್ಯಾಯ. ದಶಕಗಳಿಂದ ಪೊಲೀಸರೂ ಆಡಳಿತವೂ ಮಾರಾಟವನ್ನು ಅಲ್ಲಿಗೇ ಸೀಮಿತವಾಗಿಸಿ, ಉಳಿದ ನಗರ ಸ್ವಚ್ಛವಾಗಿದ್ದರೆ ಸಾಕೆಂದು ಸುಮ್ಮನಿದ್ದವು ಎಂಬ ಅವರ ದೂರಿನಲ್ಲಿ ಸತ್ಯವಿದೆ. ಆದರೆ ಸಿಟ್ಟು ತಗಲುತ್ತಿರುವುದು ತಪ್ಪು ಗುರಿಗೆ. ಮಾರುಕಟ್ಟೆ ಮೊದಲು ಬಂತು, ಕಾರ್ಯಕರ್ತರು ಆಮೇಲೆ ಬಂದರು. 2024ರಲ್ಲಿ ಅಧಿಕಾರಕ್ಕೆ ಬಂದ ಮೇಯರ್ ಶರೆಲ್ ಪಾರ್ಕರ್ ಸೂಜಿ ವಿನಿಮಯಕ್ಕೆ ನಗರದ ಹಣ ನಿಲ್ಲಿಸಿದರು, ಮೇ ತಿಂಗಳಲ್ಲಿ ಅವೆನ್ಯೂ ಮೇಲಿನ ಗುಡಾರಗಳನ್ನು ತೆರವು ಮಾಡಿಸಿದರು. ಜನ ಮಾಯವಾಗಲಿಲ್ಲ, ಒಳಗಿನ ಗಲ್ಲಿಗಳಿಗೆ ಚದುರಿದರು, ಕಾರ್ಯಕರ್ತರಿಗೆ ಅವರನ್ನು ಹುಡುಕುವುದು ಕಷ್ಟವಾಯಿತು. 2025ರಲ್ಲಿ ಸಂಚಾರಿ ಸೇವೆಯ ವಾಹನಗಳು ಆ ಭಾಗದಲ್ಲಿ ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದು ಎಂಬುದಕ್ಕೂ ನಗರಸಭೆ ಮಿತಿ ಹಾಕಿತು. ಅದೇ ಮೇಯರ್ ರಿವರ್‌ವ್ಯೂ ಎಂಬಲ್ಲಿ ನೂರಾರು ಹಾಸಿಗೆಗಳ ಪುನಶ್ಚೇತನ ವಸತಿ ತೆರೆದದ್ದು ಒಳ್ಳೆಯ ಕೆಲಸವೇ, ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಚಿಕಿತ್ಸೆಯ ಮೊದಲ ತಿಂಗಳನ್ನು ಈಗಾಗಲೇ ದಾಟಿದವರಿಗಾಗಿ ಇರುವ ಮನೆ. ಆ ಮೊದಲ ತಿಂಗಳಿನ ತನಕ ಅವರನ್ನು ಕರೆತರುವವರು ಯಾರು?

ನ್ಯಾಯವಾದ ಹಾದಿ ಇದು: ಸೇವೆಗಳನ್ನು ಒಂದೇ ಬಡ ಕೇರಿಯ ತಲೆಗೆ ಕಟ್ಟದೆ ನಗರದ ಎಲ್ಲ ಭಾಗಗಳಿಗೂ ಹಂಚಬೇಕು, ಕಾರ್ಯಕರ್ತರನ್ನು ಆಯಾ ಬಡಾವಣೆಯಿಂದಲೇ ತೆಗೆದುಕೊಳ್ಳಬೇಕು, ಸೂಜಿ ಹೆಕ್ಕುವುದು, ಅಂಗಡಿಯವರ ಅಹವಾಲು ಕೇಳುವುದು, ಶಾಲೆಯ ದಾರಿ ಚೊಕ್ಕಟವಾಗಿಡುವುದು ಅವರ ಕೆಲಸದ ಭಾಗವಾಗಬೇಕು. ನಿವಾಸಿಗಳ ನೆಮ್ಮದಿಯೂ ಸೇವಿಸುವವರ ಜೀವವೂ ಪರಸ್ಪರ ವೈರಿಗಳಲ್ಲ. ಇಬ್ಬರನ್ನೂ ಹೆಸರಿನಿಂದ ಬಲ್ಲವರು ಈ ಕಾರ್ಯಕರ್ತರು ಮಾತ್ರ.

ಉದಾರ ನೀತಿಯೊಂದೇ ಸಾಕೆನ್ನುವವರಿಗೆ ಒರೆಗಾನ್ ರಾಜ್ಯ ಎಚ್ಚರಿಕೆ ಕೊಟ್ಟಿದೆ. 2021ರ ಫೆಬ್ರವರಿಯಿಂದ ಅಲ್ಲಿ ಅಲ್ಪ ಪ್ರಮಾಣದ ಮಾದಕ ವಸ್ತು ಇಟ್ಟುಕೊಳ್ಳುವುದು ಅಪರಾಧವಾಗಿರಲಿಲ್ಲ. ಚಿಕಿತ್ಸೆಗೆಂದು ತೆಗೆದಿಟ್ಟ ಹಣ ಮಾತ್ರ ತೀರ ತಡವಾಗಿ ತಲುಪಿತು. ಪೊಲೀಸರು ಹಿಂದೆ ಸರಿದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಜನ ರೋಸಿಹೋದರು, 2024ರ ಸೆಪ್ಟೆಂಬರ್‌ನಿಂದ ಅದು ಮತ್ತೆ ಅಪರಾಧವಾಯಿತು. ಒರೆಗಾನ್‌ನ ಸಡಿಲಿಕೆಯೂ ಫಿಲಡೆಲ್ಫಿಯಾದ ಬಿಗಿಯೂ ಎಡವುತ್ತಿರುವುದು ಒಂದೇ ಕಡೆ: ಬೀದಿಯಲ್ಲಿ ಸಾಕಷ್ಟು ತರಬೇತಾದ, ಉಳಿದುಕೊಳ್ಳುವ ಜನರಿಲ್ಲ.

ಬೀದಿ ಎಂದೊಡನೆ ಗುಡಾರಗಳನ್ನಷ್ಟೇ ನೆನೆಯುವುದೂ ತಪ್ಪೇ. ಬಾಲ್ಟಿಮೋರ್‌ನಲ್ಲಿ ಅತಿ ಹೆಚ್ಚು ಸಾಯುತ್ತಿರುವವರು ಐವತ್ತು-ಅರವತ್ತು ದಾಟಿದ ಕಪ್ಪು ಗಂಡಸರು. ಅಲ್ಲಿನ ಪತ್ರಕರ್ತರು 2024ರಲ್ಲಿ ಬಯಲಿಗೆಳೆದಂತೆ ಜನಸಂಖ್ಯೆಯಲ್ಲಿ ಶೇ 7ರಷ್ಟಿರುವ ಇವರು ಸಾವುಗಳಲ್ಲಿ ಸುಮಾರು ಶೇ 30. ಹಲವರು ಹಿರಿಯರ ವಸತಿ ಕಟ್ಟಡಗಳ ಒಂಟಿ ಕೋಣೆಗಳಲ್ಲಿ, ಬಾಗಿಲು ಹಾಕಿಕೊಂಡು ಸಾಯುತ್ತಾರೆ. ಯಾರ ವೀಡಿಯೊದಲ್ಲೂ ಇವರಿಲ್ಲ. ಇವರ ಬಾಗಿಲು ತಟ್ಟಲು ಮೆಟ್ಟಿಲು ಹತ್ತುವವರು ಬೇಕು.

ಇಷ್ಟೆಲ್ಲ ಹೊರೆ ಹೊತ್ತವರ ಸ್ಥಿತಿ ಹೇಗಿದೆ? ಅನೇಕರ ಕೆಲಸ ವರ್ಷ ವರ್ಷದ ಅನುದಾನಕ್ಕೆ ಜೋತುಬಿದ್ದಿದೆ. ಅನುದಾನ ಮುಗಿದರೆ ಕೆಲಸ ಮುಗಿಯುತ್ತದೆ, ಅವರ ನೆನಪಿನಲ್ಲಿದ್ದ ಹೆಸರುಗಳೂ ಅವರೊಂದಿಗೆ ಹೋಗುತ್ತವೆ. ನಿನ್ನೆ ಪಟ್ಟಿ ಕಟ್ಟಿದವರ ಸಾವಿನ ಸುದ್ದಿ ಇಂದು ಬಂದರೆ ದುಃಖಿಸಲು ರಜೆಯಿಲ್ಲ. ಚಟದಿಂದ ಹೊರಬಂದವರಿಗೆ ದಿನವೂ ಅದೇ ವಾಸನೆ, ಅದೇ ಮೂಲೆಗಳು. 2025ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶ, ಬದುಕಿಸಿಕೊಳ್ಳುವುದನ್ನೇ ಮೊದಲ ಗುರಿಯಾಗಿಟ್ಟ ಇಂಥ ಕಾರ್ಯಕ್ರಮಗಳಿಗೆ ಒಕ್ಕೂಟದ ಹಣ ಹರಿಯದಂತೆ ತಡೆಯಲು ಹೊರಟಿದೆ. ಸಾವು ಇಳಿಯತೊಡಗಿದ ಹೊತ್ತಿನಲ್ಲೇ ಇದು ಆಗುತ್ತಿದೆ. ಸ್ಕಾಟ್ ಕೌಂಟಿಯ ತಪ್ಪನ್ನು ಇಡೀ ದೇಶದ ಪ್ರಮಾಣದಲ್ಲಿ ಮಾಡಿದಂತೆ. ಇತ್ತ ಬೀದಿಯ ವಿಷ ಮತ್ತೆ ಬದಲಾಗಿದೆ: 2024ರಿಂದ ಫಿಲಡೆಲ್ಫಿಯಾದಲ್ಲಿ ಝೈಲಜೀನ್‌ನ ಜಾಗಕ್ಕೆ ಮೆಡಿಟೊಮಿಡಿನ್ ಎಂಬ ಇನ್ನೊಂದು ಪಶು ಅರಿವಳಿಕೆ ಬಂದಿದೆ, ಅದರ ಅಮಲು ಇಳಿದಾಗ ಹೃದಯದ ಬಡಿತ ಏರಿ ತೀವ್ರ ನಿಗಾ ಘಟಕವೇ ಬೇಕಾಗುತ್ತದೆ. ಬೀದಿಯಲ್ಲಿ ಕಿವಿ ಇಲ್ಲದ ಸರ್ಕಾರಕ್ಕೆ ಇಂಥ ಬದಲಾವಣೆ ತಿಳಿಯುವುದು ಹೆಣಗಳನ್ನು ಎಣಿಸಿದ ಮೇಲೆ.

ಹಣವಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಔಷಧ ತಯಾರಕರು, ವಿತರಕರು, ಅಂಗಡಿ ಸರಣಿಗಳು ಮೊಕದ್ದಮೆಗಳಲ್ಲಿ ಒಪ್ಪಿಕೊಂಡ ಪರಿಹಾರ 50 ಶತಕೋಟಿ ಡಾಲರ್ ದಾಟಿದೆ. ಅದರಲ್ಲಿ ಒಂದು ದೊಡ್ಡ ಭಾಗ ಹದಿನೆಂಟು ವರ್ಷಗಳ ಕಾಲ ರಾಜ್ಯಗಳಿಗೆ, ನಗರಗಳಿಗೆ ಹರಿದು ಬರಲಿದೆ. ಹದಿನೆಂಟು ವರ್ಷ ಖಾತ್ರಿಯಾಗಿ ಬರುವ ಹಣವಿರುವಾಗ ಹನ್ನೆರಡು ತಿಂಗಳ ಗುತ್ತಿಗೆಯಲ್ಲಿ ಕಾರ್ಯಕರ್ತರನ್ನು ಇಟ್ಟುಕೊಳ್ಳುವುದಕ್ಕೆ ಸಮರ್ಥನೆಯೇ ಇಲ್ಲ.

ಕರ್ನಾಟಕದ ಓದುಗರಿಗೆ ಇದರಲ್ಲಿ ಏನಿದೆ? ಮೊದಲನೆಯದು ಹೆಮ್ಮೆಪಡುವಂಥದ್ದು. 2016ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯರೆಲ್ಲರಿಗೂ ಪತ್ರ ಬರೆದು ಈ ಬಿಕ್ಕಟ್ಟಿನಲ್ಲಿ ಅವರ ಹೊಣೆಯನ್ನು ನೆನಪಿಸಿದವರು ಆಗಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದವರು. ಅದೇ ನವೆಂಬರ್‌ನಲ್ಲಿ ಅವರು ಹೊರತಂದ ವರದಿ, ಚಟವೆಂಬುದು ನಡತೆಗೇಡಲ್ಲ, ಮೆದುಳಿನ ದೀರ್ಘಕಾಲದ ಕಾಯಿಲೆ ಎಂದು ಆ ಹುದ್ದೆಯ ಅಧಿಕಾರದಿಂದ ಹೇಳಿತು.

ಎರಡನೆಯದು ಎಚ್ಚರಿಕೆ. ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಎರಡು ಕೋಟಿಗೂ ಹೆಚ್ಚು ಜನ ಓಪಿಯಾಯ್ಡ್ ಬಳಸುತ್ತಾರೆ. ನೋವಿನ ಮಾತ್ರೆ ಟಪೆಂಟಡಾಲ್‌ನ ಚಟ ಹತ್ತಿದವರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೇ ಬರೆದಿದ್ದಾರೆ. ಕಾನೂನಿನಲ್ಲಿ ದಾರಿಯಿದೆ: ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಅದನ್ನು ವ್ಯಸನಿಗೆ ತಿಳಿಸಿ, ಕೈ ಹಿಡಿದು ಕರೆತರುವವರು ಯಾರು ಎಂಬ ಪ್ರಶ್ನೆ ಕೆನ್ಸಿಂಗ್ಟನ್‌ನದೂ ಹೌದು, ನಮ್ಮದೂ ಹೌದು.

ಮೂರನೆಯದು, ಈ ಕೆಲಸದ ವಿದ್ಯೆ ನಮ್ಮಲ್ಲೇ ಇದೆ ಎಂಬುದು. ಏಡ್ಸ್ ತಡೆಯಲು ಮೈಸೂರಿನ ಆಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ತಮ್ಮವರನ್ನು ತಾವೇ ಹುಡುಕಿಕೊಂಡು ಹೋಗಿ, ಆಸ್ಪತ್ರೆಗೆ ಕರೆತಂದು, ಪೊಲೀಸರೊಂದಿಗೆ ಮಾತಾಡಿ ತೋರಿಸಿದ ದಾರಿಯನ್ನು ಕಲಿಯಲು ಬೇರೆ ದೇಶದವರು ಬಂದಿದ್ದಾರೆ. ಮಣಿಪುರದಲ್ಲಿ ಚಟದಿಂದ ಹೊರಬಂದವರೇ 1990ರ ದಶಕದ ಆರಂಭದಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಇಂಥವರಿಗೆ ನಾವು ಕೊಡುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೊಂದು ನಿಗದಿತ ಮೊತ್ತಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕೂರಬೇಕಾಯಿತು. ಮನೆ ಬಾಗಿಲಿಗೆ ಹೋಗುವವರ ದುಡಿಮೆಯನ್ನು ಅಗ್ಗವೆಂದು ಎಣಿಸುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ.

ರಾಜ್ಯ ಸರ್ಕಾರ ಮಾದಕ ವಸ್ತುಗಳ ವಿರುದ್ಧ ಸಮರ ಸಾರುವಾಗ ವಶಪಡಿಸಿಕೊಂಡ ಮಾಲಿನ ಕಿಲೋ ಲೆಕ್ಕ, ಬಂಧಿತರ ಸಂಖ್ಯೆ ಕೊಡುತ್ತದೆ. ಅದರ ಜೊತೆಗೆ ಇನ್ನು ಮೂರು ಲೆಕ್ಕ ಕೊಡಲಿ: ಎಷ್ಟು ವ್ಯಸನಿಗಳು 64ಎ ಕಲಮಿನಡಿ ಚಿಕಿತ್ಸೆಗೆ ಬಂದರು, ಅವರಲ್ಲಿ ಎಷ್ಟು ಜನ ಒಂದು ವರ್ಷದ ನಂತರವೂ ಚಿಕಿತ್ಸೆಯಲ್ಲಿದ್ದಾರೆ, ಅವರನ್ನು ಹುಡುಕಿಕೊಂಡು ಹೋಗಲು ಎಷ್ಟು ಜನರನ್ನು ಕಾಯಂ ಸಂಬಳದ ಮೇಲೆ ನೇಮಿಸಿದ್ದೇವೆ. ಈ ಮೂರು ಅಂಕಿಗಳನ್ನು ನಿಮ್ಮ ಶಾಸಕರು ಸದನದಲ್ಲಿ ಕೇಳುವಂತೆ ಅವರಿಗೊಂದು ಪತ್ರ ಬರೆಯಿರಿ.